ಡಿಸೆಬಿಲಿಟಿ ಕ್ಲೇಮ್ ರಿಜೆಕ್ಟ್ ಆಯ್ತಾ? ಒಂಬುಡ್ಸ್‌ಮನ್ನಾ, ಕನ್ಸೂಮರ್ ಕೋರ್ಟಾ, ಮೊದ್ಲು ಯಾವ ಬಾಗಿಲು ತಟ್ಟೋದು

ನಮ್ ಭಾವನ ಬಲಗೈ ಆಲೆಮನೆ ಗಾಣಕ್ಕೆ ಸಿಕ್ಕಿದ್ದು ಸಂಕ್ರಾಂತಿ ಆದ್ಮೇಲಿನ ವಾರ, ಪಾಂಡವಪುರದ ಹತ್ರ. ಮೂರು ಬೆರಳು ಹೋಯ್ತು, ಮಣಿಕಟ್ಟು ಮಡಚಲ್ಲ, ಹೆಬ್ಬೆರಳು ಕಿರುಬೆರಳು ಉಳ್ಕೊಂಡಿದ್ರೂ ಒಂದು ಕಾಫಿ ಲೋಟ ಹಿಡಿಯಕ್ಕಾಗಲ್ಲ. ಸಾಲ ತಗೊಳ್ಳೋವಾಗ ಬ್ಯಾಂಕಿನೋರು ಹಾಕಿಸಿದ್ದ 10 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಇತ್ತು, ಸದ್ಯ ಅದಾದ್ರೂ ಇದೆಯಲ್ಲ ಅಂತ ಅಕ್ಕ ಸಮಾಧಾನ ಮಾಡ್ಕೊಂಡಿದ್ಲು. ಐದಾರು ತಿಂಗಳು ಓಡಾಡಿಸಿ ಆಮೇಲೆ ಕಂಪನಿಯಿಂದ ಲೆಟರ್ ಬಂತು, ಕೈ ನಷ್ಟ ಆಗಿಲ್ಲ, ಬೆರಳು ಮಾತ್ರ ಹೋಗಿರೋದು, ಹಂಗಾಗಿ ಬೆರಳಿನ ಲೆಕ್ಕದಲ್ಲಿ ಎರಡು ಲಕ್ಷ ಚಿಲ್ಲರೆ, ಇಲ್ಲಿ ಸೈನ್ ಹಾಕಿ ಅಂತ. ಒಂದು ಕೈಗೆ ಅರ್ಧ, ಅಂದ್ರೆ 5 ಲಕ್ಷ ಬರ್ಬೇಕಿತ್ತು. ಭಾವ ಆ ಲೆಟರ್‌ನ ನನ್ನ ಮುಂದೆ ಹಾಕಿ "ಕೈ ಐತಲ್ಲ ಅಂತವ್ರೆ ಕಣಪ್ಪ, ಐತೆ ನಿಜ, ಇದನ್ನ ಮಡಿಕಂಡು ಏನ್ ಮಾಡ್ಲಿ ಅಂತ ಕೇಳು ಅವ್ರನ್ನ" ಅಂದ್ರು.

ನಂಗೆ ಬಂದ ಸಿಟ್ಟಿಗೆ ಮಾರನೇ ದಿನಾನೇ ಕನ್ಸೂಮರ್ ಕೋರ್ಟಲ್ಲಿ ಕೇಸ್ ಜಡಿಯೋಣ ಅಂತಿದ್ದೆ. ರಾಮಕೃಷ್ಣನಗರದ ಪಾರ್ಕಲ್ಲಿ ಬೆಳಗ್ಗೆ ವಾಕಿಂಗ್ ಬರೋ ರಿಟೈರ್ಡ್ ಶಿರಸ್ತೇದಾರರೊಬ್ರು ತಡೆದ್ರು. "ಕೇಸ್ ಹಾಕಕ್ಕೆ ಮುಂಚೆ ಲೆಟರ್ ಓದಯ್ಯ, ಅವ್ರು ಯಾಕೆ ಇಲ್ಲ ಅಂದಿದಾರೆ ಅನ್ನೋದ್ರ ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗತ್ತೆ." ನಾನು ಇಲ್ಲಿ ಬರೀತಿರೋದು ಪೂರ್ತಿ ಆ ಒಂದು ಮಾತಿನ ಸುತ್ತಾನೇ. ಫೀಸ್ ಎಷ್ಟು, ಎಷ್ಟು ತಿಂಗಳಾಗತ್ತೆ ಅನ್ನೋದನ್ನ ಎಲ್ರೂ ಮೊದ್ಲು ಕೇಳ್ತಾರೆ, ಅದು ಎರಡನೇ ಪ್ರಶ್ನೆ.

ಮೊದ್ಲು ಪಾಲಿಸಿ ಯಾವ್ದು ನೋಡಿ

ಫಾರಿನ್ನಲ್ಲಿರೋ ಥರ ಕೆಲಸ ಮಾಡಕ್ಕಾಗದಿದ್ರೆ ರಿಟೈರ್ ಆಗೋವರೆಗೂ ತಿಂಗಳು ತಿಂಗಳು ಸಂಬಳದ ಒಂದು ಪಾಲು ಕೊಡೋ ಇನ್ಶೂರೆನ್ಸು ನಮ್ ಕಡೆ ಸಾಮಾನ್ಯ ಜನರ ಹತ್ರ ಇರಲ್ಲ. ಇರೋದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ, ಇಲ್ಲಾ ಲೈಫ್ ಪಾಲಿಸಿ ಜೊತೆ ಅಂಟಿಸಿರೋ ರೈಡರು, ಇಲ್ಲಾ ಬ್ಯಾಂಕ್ ಅಕೌಂಟಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗೋ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಒಂದೊಂದ್ರಲ್ಲೂ ಡಿಸೆಬಿಲಿಟಿ ಅನ್ನೋದಕ್ಕೆ ಅರ್ಥವೇ ಬೇರೆ.

ಎಲ್‌ಐಸಿ ಆಕ್ಸಿಡೆಂಟ್ ರೈಡರ್ ಇದ್ರೆ ಅಪಘಾತ ಆಗಿ 180 ದಿನದೊಳಗೆ ಪೂರ್ತಿ, ಶಾಶ್ವತ ವೈಕಲ್ಯ ಆಗಿರ್ಬೇಕು, ದುಡ್ಡು ಒಂದೇ ಸಲ ಬರಲ್ಲ, 10 ವರ್ಷ ತಿಂಗಳ ಕಂತಲ್ಲಿ ಬರತ್ತೆ. ಕೆಲವು ಪ್ರೈವೇಟ್ ಲೈಫ್ ಕಂಪನಿ ರೈಡರಲ್ಲಿ ಬಗ್ಗೋದು, ಮೆಟ್ಲು ಹತ್ತೋದು, ಭಾರ ಎತ್ತೋದು, ಬರೆಯೋದು ಇಂಥ ಆರು ಕೆಲಸದಲ್ಲಿ ಮೂರು ಮಾಡಕ್ಕಾಗ್ಬಾರ್ದು ಅಂತಿರತ್ತೆ. ಪರ್ಸನಲ್ ಆಕ್ಸಿಡೆಂಟಲ್ಲಿ ಸಾಮಾನ್ಯವಾಗಿ ಒಂದು ಟೇಬಲ್ಲೇ ಇರತ್ತೆ, ಎರಡು ಕಣ್ಣು ಅಥವಾ ಎರಡು ಕೈ ಹೋದ್ರೆ ಪೂರ್ತಿ, ಒಂದು ಕೈಗೆ ಅರ್ಧ, ಹೆಬ್ಬೆರಳಿಗೆ ಇಷ್ಟು, ತೋರುಬೆರಳಿಗೆ ಇಷ್ಟು, ಮಾಂಸದಂಗಡಿ ರೇಟ್ ಬೋರ್ಡ್ ಥರ. ಕ್ಷಮಿಸಿ, ಆದ್ರೆ ಅದನ್ನ ಓದಿದಾಗ ನಂಗೆ ಹಂಗೇ ಅನ್ಸಿದ್ದು. 20 ರೂಪಾಯಿದ್ರಲ್ಲಿ ಪೂರ್ತಿ ವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಇಲ್ಲಾ ಕಾಲಿಗೆ 1 ಲಕ್ಷ, 70 ವರ್ಷದವರೆಗೂ ಇರತ್ತೆ. ಅದ್ರಲ್ಲಿ ಕೈ ಕತ್ತರಿಸಿ ಹೋಗ್ಲೇಬೇಕು ಅಂತೇನಿಲ್ಲ, ಕೈಯ ಉಪಯೋಗ ವಾಪಸ್ ಬರದ ಹಾಗೆ ಹೋಗಿದ್ರೂ ಸಾಕು. ಭಾವನಿಗೆ ಇದೂ ಒಂದು ಇತ್ತು, ಪಾಸ್‌ಬುಕ್ ಎಂಟ್ರಿ ಹಾಕ್ಸಿ ನೋಡಿದ್ಮೇಲೆ ಗೊತ್ತಾಗಿದ್ದು. ನಿಮ್ಮನೇಲೂ ಪಾಸ್‌ಬುಕ್ ನೋಡಿ.

ಇಲ್ಲಿ ತುಂಬಾ ಜನ ಬೀಳೋ ಗುಂಡಿ ಒಂದಿದೆ. ದೊಡ್ಡಾಸ್ಪತ್ರೇಲೋ ಮಂಡ್ಯ ಮಿಮ್ಸಲ್ಲೋ ತೋರಿಸ್ಕೊಂಡು ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸ್ತಾರೆ, ಅದ್ರಲ್ಲಿ ಇಷ್ಟು ಪರ್ಸೆಂಟ್ ಅಂತ ಬಂದಿರತ್ತೆ, ಅಷ್ಟೇ ಪರ್ಸೆಂಟ್ ಇನ್ಶೂರೆನ್ಸ್ ದುಡ್ಡು ಬರತ್ತೆ ಅನ್ಕೊಳ್ತಾರೆ. ಬರಲ್ಲ. ಆ ಪರ್ಸೆಂಟು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೆಳಗೆ ಪೆನ್ಷನ್ನು, ಬಸ್ ಪಾಸು, ಮೀಸಲಾತಿಗೆ ಅಂತ ಹಾಕೋ ಲೆಕ್ಕ. ಪಾಲಿಸಿ ಅನ್ನೋದು ನಿಮ್ಗೂ ಕಂಪನಿಗೂ ಆಗಿರೋ ಕರಾರು, ಅದ್ರಲ್ಲಿರೋ ಪದವೇ ಲೆಕ್ಕ. ಹಂಗಂತ ಕಾರ್ಡ್ ವೇಸ್ಟಲ್ಲ, ಸಾಕ್ಷಿಯಾಗಿ ತುಂಬಾ ಬೆಲೆ ಇದೆ, ಆದ್ರೆ ಅದೊಂದನ್ನೇ ಹಿಡ್ಕೊಂಡು ಹೋದ್ರೆ ಸೋಲ್ತೀರ. ಟ್ರೀಟ್ಮೆಂಟ್ ಮಾಡಿದ ಡಾಕ್ಟರ ಹತ್ರ ಪಾಲಿಸಿ ಕಾಪಿ ತಗೊಂಡೇ ಹೋಗಿ, ಪಾಲಿಸಿಯಲ್ಲಿ ಯಾವ ಪದ ಇದೆಯೋ ಅದಕ್ಕೆ ಉತ್ತರ ಆಗೋ ಥರ ಬರ್ಕೊಡಿ ಅಂತ ಕೇಳಿ. ಭಾವನ ಪಾಲಿಸಿಲಿ ಸಣ್ಣಕ್ಷರದಲ್ಲಿ ಕೈ ಬೇರ್ಪಡೋದು ಅಥವಾ ಉಪಯೋಗ ಪೂರ್ತಿಯಾಗಿ, ವಾಪಸ್ ಬರದ ಹಾಗೆ ಹೋಗೋದು ಅಂತಿತ್ತು. ಕಂಪನಿ ಲೆಟರಲ್ಲಿ ಮೊದಲರ್ಧ ಮಾತ್ರ ಇತ್ತು, ಆ ಅಥವಾ ಅನ್ನೋದನ್ನ ನುಂಗ್ಬಿಟ್ಟಿದ್ರು. ಇನ್ನೊಂದು, ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಅಪಘಾತ ಆಗಿ 12 ತಿಂಗಳೊಳಗೆ ವೈಕಲ್ಯ ಆಗಿರ್ಬೇಕು ಅಂತಿರತ್ತೆ. ಆಪರೇಷನ್ ಮೇಲೆ ಆಪರೇಷನ್ ಅಂತ ವರ್ಷ ದಾಟ್ಬಿಟ್ರೆ ತಕರಾರು ಶುರು, ಅದಕ್ಕೇ ವರ್ಷದೊಳಗೇ ಡಾಕ್ಟರ ಕೈಲಿ ಇದು ಸರಿಯಾಗಲ್ಲ ಅಂತ ಒಂದು ಬರಹ ಮಾಡಿಸ್ಕೊಂಡಿರಿ.

ಎಲ್ಲಿಗೆ ಹೋದ್ರೂ ಮೊದಲ ಮೆಟ್ಲು ಕಂಪನಿದೇ

ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಲಿಖಿತವಾಗಿ ದೂರು ಕೊಡ್ದೆ ಒಂಬುಡ್ಸ್‌ಮನ್ ಹತ್ರ ಹೋಗಕ್ಕಾಗಲ್ಲ (ಒಂಬುಡ್ಸ್‌ಮನ್ ಅಂದ್ರೆ ಇನ್ಶೂರೆನ್ಸ್ ತಕರಾರನ್ನ ಕೋರ್ಟ್ ಹೊರಗೆ ತೀರ್ಮಾನ ಮಾಡೋ ಅಧಿಕಾರಿ). ಫೋನಲ್ಲಿ ಜಗಳ ಆಡಿದ್ದು, ಏಜೆಂಟ್ ಹತ್ರ ಕೂಗಾಡಿದ್ದು ಯಾವ್ದೂ ಲೆಕ್ಕಕ್ಕಿಲ್ಲ. ಇಮೇಲ್ ಹಾಕಿ, ಜೊತೆಗೆ ರಿಜಿಸ್ಟರ್ ಪೋಸ್ಟಲ್ಲೂ ಕಳ್ಸಿ. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಪ್ರಾಧಿಕಾರ ಐಆರ್‌ಡಿಎಐದು ಬಿಮಾ ಭರೋಸಾ ಅನ್ನೋ ಪೋರ್ಟಲ್ಲು, 155255 ಅನ್ನೋ ಟೋಲ್ ಫ್ರೀ ನಂಬರು ಇದೆ, ಅಲ್ಲೂ ಹಾಕಿ, ಆದ್ರೆ ಅದು ಕೋರ್ಟ್ ಥರ ತೀರ್ಪು ಕೊಡಲ್ಲ, ನಿಮ್ಮ ದೂರನ್ನ ಕಂಪನಿಗೇ ದಾಟಿಸಿ ಉತ್ತರ ಕೊಡ್ಸತ್ತೆ ಅಷ್ಟೇ. ಹೆದರಿಸಿದ ಹಾಗಾಗತ್ತೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ರಿಜೆಕ್ಷನ್ ಲೆಟರ್ ಮಾತ್ರ ಒರಿಜಿನಲ್ಲೇ ಜೋಪಾನ. ಲೆಟರಲ್ಲಿ ಹೇಳದ ಹೊಸ ಕಾರಣವನ್ನ ಕಂಪನಿ ಆಮೇಲೆ ಕೋರ್ಟಲ್ಲಿ ಎತ್ತೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಕೇಸಲ್ಲಿ ಹೇಳಿದೆ. ಅಂದ್ರೆ ಆ ಲೆಟರ್ರು ನಿಮ್ಮನ್ನ ಹೊರಗೆ ಹಾಕಿದ್ದೂ ಹೌದು, ಅವ್ರ ಕೈ ಕಟ್ಟಾಕೋ ಹಗ್ಗಾನೂ ಹೌದು. ಬಾಯಲ್ಲಿ ಇಲ್ಲ ಅಂದ್ರೆ ಒಪ್ಬೇಡಿ, ಬರವಣಿಗೇಲೇ ಕೊಡಿ ಅನ್ನಿ.

ಭಾವನಿಗೆ ಆದ ಹಾಗೆ ಕಮ್ಮಿ ದುಡ್ಡು ಕೊಟ್ಟು ಪೂರ್ತಿ ಇತ್ಯರ್ಥ ಆಯ್ತು ಅಂತ ವೋಚರ್‌ಗೆ ಸೈನ್ ಕೇಳಿದ್ರೆ ಹುಷಾರು. ಕಷ್ಟದಲ್ಲಿ ಇರೋರು ಸೈನ್ ಹಾಕ್ಬಿಡ್ತಾರೆ, ತಪ್ಪು ಅನ್ನಕ್ಕಾಗಲ್ಲ, ಮನೇಲಿ ಒಲೆ ಉರೀಬೇಕಲ್ಲ. ಹಾಕ್ಲೇಬೇಕಾದ್ರೆ ಪಕ್ಕದಲ್ಲಿ ಆಕ್ಷೇಪಣೆಯೊಂದಿಗೆ, ಉಳಿದ ಹಕ್ಕು ಕಾಯ್ದಿರಿಸಿ ಅಂತ ಬರೀರಿ, ಅವತ್ತೇ ಒಂದು ಮೇಲ್ ಕೂಡ ಹಾಕಿ. ಬರೀದೇ ಹಾಕಿದ್ರೂ ಎಲ್ಲಾ ಮುಗೀತು ಅಂತಲ್ಲ, ಒತ್ತಡ ಹಾಕಿ, ಮೋಸ ಮಾಡಿ ಸೈನ್ ತಗೊಂಡಿದ್ರೆ ಆ ವೋಚರ್ ಕೇಸಿಗೆ ಅಡ್ಡ ಬರಲ್ಲ ಅಂತ 1999ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿದೆ, ಆದ್ರೆ ಒತ್ತಡ ಇತ್ತು ಅಂತ ತೋರಿಸೋ ಭಾರ ನಿಮ್ಮ ತಲೆ ಮೇಲೆ ಬೀಳತ್ತೆ.

ಒಂಬುಡ್ಸ್‌ಮನ್ನು ಯಾವಾಗ

ಕರ್ನಾಟಕಕ್ಕೆ ವಿಮಾ ಒಂಬುಡ್ಸ್‌ಮನ್ ಆಫೀಸು ಬೆಂಗಳೂರು ಜೇಪಿ ನಗರದಲ್ಲಿದೆ. ಬೆಂಗಳೂರು ಅಂದ ತಕ್ಷಣ ನಮ್ ಕಡೆಯೋರು ಚಾಮುಂಡಿ ಎಕ್ಸ್‌ಪ್ರೆಸ್ ನೆನಪಿಸ್ಕೊಂಡು ಬೇಡಪ್ಪ ಅಂತಾರೆ, ಆದ್ರೆ ದೂರು ಆನ್‌ಲೈನಲ್ಲೇ ಹಾಕ್ಬೋದು, ವಿಚಾರಣೇನೂ ವೀಡಿಯೋ ಕಾಲಲ್ಲಿ ನಡೆಯತ್ತೆ. ಫೀಸ್ ಒಂದ್ ರೂಪಾಯಿ ಇಲ್ಲ. ಲಾಯರ್ ಇಟ್ಕೊಳ್ಳೋ ಹಾಗಿಲ್ಲ, ನೀವೇ ಮಾತಾಡ್ಬೇಕು, ಇದು ಕೆಲವ್ರಿಗೆ ವರ, ಕೆಲವ್ರಿಗೆ ಭಯ. 50 ಲಕ್ಷದವರೆಗೆ ಕೊಡಿಸೋ ಅಧಿಕಾರ ಇದೆ, 2023ರವರೆಗೆ 30 ಇತ್ತು. ಬ್ಯಾಂಕು, ಫ್ಯಾಕ್ಟರಿ ಮೂಲಕ ಬಂದ ಗ್ರೂಪ್ ಪಾಲಿಸಿ ಆದ್ರೂ ತಗೊಳ್ತಾರೆ.

ಗಡುವು ನೋಡ್ಕೊಳ್ಳಿ. ಕಂಪನಿ ನಿಮ್ಮ ದೂರನ್ನ ತಳ್ಳಿಹಾಕಿರ್ಬೇಕು, ಇಲ್ಲಾ ಒಂದು ತಿಂಗಳಾದ್ರೂ ಉತ್ತರ ಕೊಟ್ಟಿರ್ಬಾರ್ದು, ಅಲ್ಲಿಂದ ಒಂದು ವರ್ಷದೊಳಗೆ ಹೋಗ್ಬೇಕು. ಪೇಪರೆಲ್ಲಾ ತಲುಪಿದ ಮೇಲೆ ಮೂರು ತಿಂಗಳಲ್ಲಿ ಅವಾರ್ಡ್, ಅಂದ್ರೆ ತೀರ್ಪು, ಕೊಡ್ಬೇಕು ಅಂತ ನಿಯಮ, ಕಂಪನಿ 30 ದಿನದಲ್ಲಿ ಪಾಲಿಸ್ಬೇಕು. ಎಲ್ಲಕ್ಕಿಂತ ಮುಖ್ಯ, ಅವಾರ್ಡು ಕಂಪನಿಯನ್ನ ಕಟ್ಟಾಕತ್ತೆ, ನಿಮ್ಮನ್ನಲ್ಲ. ನಿಮ್ಗೆ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಬಿಟ್ಟು ಕನ್ಸೂಮರ್ ಕೋರ್ಟಿಗೆ ಹೋಗ್ಬೋದು. ಆದ್ರೆ ಉಲ್ಟಾ ಆಗಲ್ಲ, ಕೋರ್ಟಲ್ಲಿ ಕೇಸ್ ಹಾಕಿದ್ಮೇಲೆ ಒಂಬುಡ್ಸ್‌ಮನ್ ಬಾಗಿಲು ಮುಚ್ಚಿದ ಹಾಗೇನೇ. ಸಿಟ್ಟಲ್ಲಿ ಮೊದ್ಲು ಕೋರ್ಟಿಗೆ ಓಡಬೇಡಿ ಅನ್ನೋದು ಇದಕ್ಕೇ, ನಾನು ಓಡಿದ್ರೆ ಒಂದು ಪುಕ್ಕಟೆ ಅವಕಾಶ ಕಳ್ಕೊಳ್ತಿದ್ದೆ.

ಯಾವ ಥರ ಕೇಸಿಗೆ ಇದು ಸರಿ? ಜಗಳ ಪೇಪರಲ್ಲೇ ಮುಗಿಯೋ ಹಾಗಿದ್ರೆ. ಪಾಲಿಸಿ ಪದದ ಅರ್ಥ, ಟೇಬಲ್ ಲೆಕ್ಕ, ತಡವಾಗಿ ತಿಳಿಸಿದ್ರಿ ಅನ್ನೋ ಒಂದೇ ನೆಪ, ಇಂಥವು. ತಡ ಆಯ್ತು ಅನ್ನೋದ್ರ ಬಗ್ಗೆ ಐಆರ್‌ಡಿಎ 2011ರ ಸೆಪ್ಟೆಂಬರ್ 20ರಂದೇ ಒಂದು ಸರ್ಕ್ಯುಲರ್ ಹೊರಡಿಸಿದೆ, ನಿಜವಾದ ಕ್ಲೇಮನ್ನ ಬರೀ ತಡದ ಕಾರಣಕ್ಕೆ ಯಾಂತ್ರಿಕವಾಗಿ ತಿರಸ್ಕರಿಸ್ಬಾರ್ದು ಅಂತ, ಅದರ ಪ್ರಿಂಟ್ ಲಗತ್ತಿಸಿ. ಭಾವನ ಕೇಸು ಪಕ್ಕಾ ಪದದ ಜಗಳ, ಹಂಗಾಗಿ ಇಲ್ಲಿಗೇ ಹಾಕಿದ್ವಿ. ವಿಚಾರಣೆ ದಿನ ನನ್ನ ಮೊಬೈಲನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಕೂತ್ವಿ, ಭಾವ ಇಸ್ತ್ರಿ ಶರ್ಟ್ ಹಾಕಿದ್ರು, ಗುಂಡಿ ಅಕ್ಕ ಹಾಕಿದ್ದು. ಕಂಪನಿ ಕಡೆಯೋರು ಮತ್ತೆ ಅದೇ ಬೆರಳಿನ ಕಥೆ ಹೇಳಿದ್ರು. ಕನ್ನಡದಲ್ಲೇ ಮಾತಾಡಿ ಪರ್ವಾಗಿಲ್ಲ ಅಂದ್ಮೇಲೆ ಭಾವ ಜಾಸ್ತಿ ಏನೂ ಹೇಳ್ಲಿಲ್ಲ, ಕ್ಯಾಮೆರಾ ಮುಂದೆ ಕೈ ಇಟ್ಟು ಮುಷ್ಟಿ ಕಟ್ಟಕ್ಕೆ ಟ್ರೈ ಮಾಡಿ ತೋರಿಸಿದ್ರು. ಡಾಕ್ಟರ ಸರ್ಟಿಫಿಕೇಟಲ್ಲಿ ಪಾಲಿಸಿಯದೇ ಪದ ಇತ್ತು. ಒಂದು ಕೈ ಲೆಕ್ಕದಲ್ಲೇ ಅವಾರ್ಡ್ ಆಯ್ತು.

ಕೊರತೆ ಏನಪ್ಪ ಅಂದ್ರೆ, ಅಲೆದಾಟ, ಮಾನಸಿಕ ಹಿಂಸೆ ಅಂತ ದೊಡ್ಡ ಪರಿಹಾರ ಅಲ್ಲಿ ನಿರೀಕ್ಷಿಸ್ಬೇಡಿ, ನಿಮ್ಗೆ ನೇರವಾಗಿ ಆಗಿರೋ ನಷ್ಟದಷ್ಟೇ. ಸಾಕ್ಷಿಗಳನ್ನ ಕರೆಸಿ ಪಾಟೀ ಸವಾಲು ಮಾಡೋ ಜಾಗಾನೂ ಅಲ್ಲ ಅದು.

ಕನ್ಸೂಮರ್ ಕಮಿಷನ್ನು, ಅಂದ್ರೆ ಕನ್ಸೂಮರ್ ಕೋರ್ಟು, ಯಾವಾಗ

ಮಂಡ್ಯದ ಒಬ್ರು ಪ್ರೈವೇಟ್ ಸ್ಕೂಲ್ ಮೇಷ್ಟ್ರು, ನನ್ನ ಜೊತೆ ಓದಿದೋರು, ಬೈಕಿಂದ ಬಿದ್ದು ಬೆನ್ನುಮೂಳೆ ಪೆಟ್ಟಾಗಿ ಅರ್ಧ ಗಂಟೆ ನಿಂತು ಪಾಠ ಮಾಡಕ್ಕಾಗಲ್ಲ. ಕಂಪನಿ ಹೇಳಿದ್ದು, ನಿಮ್ಗೆ ಮೊದ್ಲೇ ಬೆನ್ನು ನೋವಿತ್ತು, ಮುಚ್ಚಿಟ್ಟಿದೀರ ಅಂತ. ಆಧಾರ ಏನು ಅಂದ್ರೆ ಯಾವ್ದೋ ಕ್ಲಿನಿಕ್ ಚೀಟಿ, ಅದ್ರಲ್ಲಿ ಬೆನ್ನು ನೋವು ಅಂತ ಒಂದು ಪದ. ಇದು ಪಾಲಿಸಿ ಪದದ ಜಗಳ ಅಲ್ಲ, ಇಲ್ಲಿ ಯಾರು ಸತ್ಯ ಹೇಳ್ತಿದಾರೆ, ಆ ಹಳೇ ನೋವಿಗೂ ಈ ಪೆಟ್ಟಿಗೂ ಸಂಬಂಧ ಇದೆಯಾ ಅಂತ ಡಾಕ್ಟರ ಅಫಿಡವಿಟ್ ಮೇಲೆ ತೀರ್ಮಾನ ಆಗ್ಬೇಕು, ತನಿಖೆಗೆ ಬಂದೋನು ಏನ್ ಬರ್ದಿದಾನೆ ನೋಡ್ಬೇಕು. ಇಂಥದ್ದಕ್ಕೆ ಕಮಿಷನ್ನೇ ಸರಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ನಮ್ಮಂಥೋರಿಗೆ ಆದ ದೊಡ್ಡ ಅನುಕೂಲ, ಕಂಪನಿ ಹೆಡ್ ಆಫೀಸು ಮುಂಬೈಲಿದ್ರೂ ನೀವು ವಾಸ ಇರೋ ಜಿಲ್ಲೇಲೇ ಕೇಸ್ ಹಾಕ್ಬೋದು, ಮಂಡ್ಯದೋರು ಮಂಡ್ಯದಲ್ಲೇ, ಮೈಸೂರಿನೋರು ಮೈಸೂರಲ್ಲೇ. ಎಷ್ಟು ದುಡ್ಡಿನ ಕೇಸು ಯಾವ ಕಮಿಷನ್‌ಗೆ ಅನ್ನೋದೂ ಈಗ ನೀವು ಕೇಳ್ತಿರೋ ಕ್ಲೇಮ್ ಮೇಲಲ್ಲ, ಕಟ್ಟಿರೋ ಪ್ರೀಮಿಯಂ ಮೇಲೆ, 50 ಲಕ್ಷದವರೆಗೆ ಜಿಲ್ಲೆ. ಅಷ್ಟು ಪ್ರೀಮಿಯಂ ನಮ್ಮಲ್ಲಿ ಯಾರು ಕಟ್ತಾರೆ ಹೇಳಿ, ಹಂಗಾಗಿ ಎಲ್ಲಾ ಜಿಲ್ಲಾ ಕಮಿಷನ್ನೇ, ಪ್ರೀಮಿಯಂ 5 ಲಕ್ಷದೊಳಗಿದ್ರೆ ಫೀಸೂ ಇಲ್ಲ. ಕಾರಣ ಹುಟ್ಟಿದ ದಿನದಿಂದ, ಅಂದ್ರೆ ಸಾಮಾನ್ಯವಾಗಿ ರಿಜೆಕ್ಷನ್ ಲೆಟರ್ ತಾರೀಖಿಂದ, ಎರಡು ವರ್ಷ ಟೈಮು. ಮೊದ್ಲು ಒಂಬುಡ್ಸ್‌ಮನ್ ಹತ್ರ ಹೋಗೋರು ಈ ಎರಡು ವರ್ಷದ ಗಡಿಯಾರ ನಿಂತಿದೆ ಅನ್ಕೊಂಡು ಕೂರ್ಬೇಡಿ, ಅದನ್ನ ಕ್ಯಾಲೆಂಡರಲ್ಲಿ ಕೆಂಪಲ್ಲಿ ಗುರುತು ಹಾಕಿ.

ಲಾಯರ್ ಇಲ್ದೇನೂ ವಾದ ಮಾಡ್ಬೋದು ಅಂತ ಕಾನೂನು ಹೇಳತ್ತೆ. ನನ್ನ ಅಭಿಪ್ರಾಯ, ಮೆಡಿಕಲ್ ವಿಷಯದ ಜಗಳ ಇದ್ರೆ ಒಬ್ರನ್ನ ಇಟ್ಕೊಳ್ಳೋದೇ ವಾಸಿ. ದುಡ್ಡಿಲ್ಲ ಅನ್ನೋರಿಗೆ ಗೊತ್ತಿರ್ಬೇಕಾದ ವಿಷಯ, ಅಂಗವಿಕಲರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ಕಾನೂನು ನೆರವು ಸಿಗತ್ತೆ, ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನು. ಕೋರ್ಟ್ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಇಲ್ಲಾ 15100ಕ್ಕೆ ಫೋನ್ ಮಾಡಿ. ಯುಡಿಐಡಿ ಕಾರ್ಡು ಇಲ್ಲಿ ಕೆಲಸಕ್ಕೆ ಬರತ್ತೆ ನೋಡಿ. ಕ್ಲೇಮ್ ಕೊಡಿಸ್ತೀವಿ, ಬಂದಿದ್ರಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅಂತ ವಾಟ್ಸಾಪಲ್ಲಿ ಮೆಸೇಜ್ ಹಾಕೋರ ಸಹವಾಸ ಬೇಡ.

ಟೈಮಿನ ವಿಷಯ ಸುಳ್ಳು ಹೇಳಲ್ಲ. ಕಾಯ್ದೇಲಿ ಮೂರು ತಿಂಗಳಿಂದ ಐದು ತಿಂಗಳು ಅಂತಿದೆ, ನಿಜದಲ್ಲಿ ವರ್ಷದ ಮೇಲೆ ಹೋಗತ್ತೆ. ಕಂಪನಿ ಉತ್ತರ ಕೊಡಕ್ಕೆ 30 ದಿನ, ಜಾಸ್ತಿ ಅಂದ್ರೆ ಇನ್ನು 15, ಅದ್ರ ಮೇಲೆ ಒಂದು ದಿನಾನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಐದು ಜಡ್ಜ್‌ಗಳ ಪೀಠ ಹೇಳಿದೆ, ಆದ್ರೂ ಆಮೇಲಿನ ವಾಯಿದೆಗಳಿಗೆ ಕೊನೆ ಇಲ್ಲ. ಗೆದ್ರೆ ಮಾತ್ರ ಕ್ಲೇಮ್ ದುಡ್ಡು, ಬಡ್ಡಿ, ಮಾನಸಿಕ ಹಿಂಸೆಗೆ, ಕೇಸಿನ ಖರ್ಚಿಗೆ ಅಂತ ಎಲ್ಲಾ ಕೇಳ್ಬೋದು. ಕಂಪನಿ ರಾಜ್ಯ ಕಮಿಷನ್‌ಗೆ ಅಪೀಲ್ ಹೋಗ್ಬೇಕಂದ್ರೆ 45 ದಿನದೊಳಗೆ ಹೋಗ್ಬೇಕು, ಆದೇಶ ಆದ ಮೊತ್ತದ ಅರ್ಧ ಮೊದ್ಲೇ ಕಟ್ಬೇಕು, ಇದು ಒಳ್ಳೇ ಮೂಗುದಾರ.

ಮುಚ್ಚಿಟ್ಟಿದೀರ ಅಂತ ಬಂದಾಗ ಪಾಲಿಸಿ ಎಷ್ಟು ಹಳೇದು ಅಂತ ನೋಡಿ. ಲೈಫ್ ಪಾಲಿಸಿ ಆದ್ರೆ ಮೂರು ವರ್ಷ ದಾಟಿದ್ಮೇಲೆ ಅದನ್ನ ಪ್ರಶ್ನೆ ಮಾಡೋ ಹಾಗೇ ಇಲ್ಲ, ವಿಮಾ ಕಾಯ್ದೆ 45ನೇ ಸೆಕ್ಷನ್ನು. ಹೆಲ್ತ್ ಪಾಲಿಸಿಗೆ 60 ತಿಂಗಳು, ಆಮೇಲೆ ವಂಚನೆ ಅಂತ ಸಾಬೀತು ಮಾಡಿದ್ರೆ ಮಾತ್ರ. ಸರ್ಕಾರಿ ಇನ್ಶೂರೆನ್ಸ್ ಕಂಪನಿ ಆದ್ರೆ 10 ರೂಪಾಯಿ ಮಾಹಿತಿ ಹಕ್ಕು ಅರ್ಜಿ ಹಾಕಿ ಕ್ಲೇಮ್ ಫೈಲು, ತನಿಖೆ ರಿಪೋರ್ಟು ಕೇಳ್ಬೋದು, ಪ್ರೈವೇಟಿಗೆ ಈ ದಾರಿ ಇಲ್ಲ, ಅಲ್ಲಿ ಕಮಿಷನ್ ಮೂಲಕಾನೇ ಹಾಜರು ಮಾಡಿ ಅಂತ ಕೇಳ್ಬೇಕು.

ಉಳಿದ ದಾರಿಗಳು, ಚಿಕ್ಕದಾಗಿ

ಖಾಯಂ ಜನತಾ ನ್ಯಾಯಾಲಯ ಅಂತ ಒಂದಿದೆ, ಜನಕ್ಕೆ ಗೊತ್ತೇ ಇಲ್ಲ. ಆಗಾಗ ನಡೆಯೋ ಲೋಕ ಅದಾಲತ್ ಬೇರೆ, ಇದು ಬೇರೆ. ಇನ್ಶೂರೆನ್ಸು ಸಾರ್ವಜನಿಕ ಉಪಯುಕ್ತ ಸೇವೆ ಅಂತ ಬರೋದ್ರಿಂದ 1 ಕೋಟಿವರೆಗಿನ ತಕರಾರು ಇಲ್ಲಿಗೆ ತರ್ಬೋದು, ಫೀಸಿಲ್ಲ. ಮೊದ್ಲು ರಾಜಿ ಮಾಡಿಸಕ್ಕೆ ನೋಡ್ತಾರೆ, ಆಗ್ಲಿಲ್ಲ ಅಂದ್ರೆ ತೀರ್ಪೂ ಕೊಡ್ತಾರೆ, ಕೊಡ್ಬೋದು ಅಂತ 2022ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೊಂದ್ರೆ ಅಂದ್ರೆ ಅಪೀಲ್ ಇಲ್ಲ, ಹೈಕೋರ್ಟಲ್ಲಿ ರಿಟ್ ಮಾತ್ರ. ಸ್ವಲ್ಪ ಬಿಟ್ಕೊಟ್ಟು ಬೇಗ ಮುಗಿಸ್ಕೊಳ್ಳೋ ಮನಸ್ಸಿದ್ರೆ ವಿಚಾರಿಸಿ.

ಸಿವಿಲ್ ಕೋರ್ಟು ಕೊನೇ ಮಾತು. ಕ್ಲೇಮ್ ಮೊತ್ತದ ಮೇಲೆ ಕೋರ್ಟ್ ಫೀಸು, ಮೂರು ವರ್ಷ ಟೈಮು ಇದೆ ಅನ್ನೋದೊಂದೇ ಅನುಕೂಲ. ಎರಡು ವರ್ಷ ಮೀರಿ, ತಡಕ್ಕೆ ಸರಿಯಾದ ಕಾರಣಾನೂ ಇಲ್ದೋರಿಗೆ ಮಾತ್ರ.

ಎಕ್ಸ್‌ಪ್ರೆಸ್‌ವೇಲೋ ಬೇರೆಲ್ಲೋ ಇನ್ನೊಬ್ರ ಗಾಡಿ ಗುದ್ದಿ ಆಗಿದ್ರೆ ಮೋಟಾರ್ ಆಕ್ಸಿಡೆಂಟ್ ಟ್ರಿಬ್ಯೂನಲ್ ಕೇಸು ಬೇರೇನೇ, ಅದು ಅವ್ರ ಗಾಡಿ ಇನ್ಶೂರೆನ್ಸಿಂದ, ನಿಮ್ಮ ಸ್ವಂತ ಪಾಲಿಸಿ ಕ್ಲೇಮ್ ಜೊತೆಜೊತೆಗೇ ನಡೆಸ್ಬೋದು. ಅಲ್ಲಿ ಬರೀ ದೇಹದ ಪರ್ಸೆಂಟ್ ನೋಡಲ್ಲ, ನಿಮ್ಮ ದುಡಿಮೆ ಎಷ್ಟು ಹೋಯ್ತು ಅಂತ ನೋಡ್ತಾರೆ, ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ಕೇಸಿಂದ ಗಟ್ಟಿಯಾಗಿರೋ ಲೆಕ್ಕ. ಒಂದು ಕಾಲು ಕುಂಟಾದ ಗುಮಾಸ್ತನಿಗೂ ಡ್ರೈವರಿಗೂ ನಷ್ಟ ಒಂದೇ ಅಲ್ವಲ್ಲ. ಪಾಲಿಸಿ ಟೇಬಲ್ಲಿಗೆ ಈ ಬುದ್ಧಿ ಇಲ್ಲ. ಇನ್ನು ಮೈಸೂರಿನ ಹೆಬ್ಬಾಳ, ನಂಜನಗೂಡು ಕಡೆ ಫ್ಯಾಕ್ಟರೀಲಿ ಇಎಸ್‌ಐ ಇರೋರಿಗೆ ಕೆಲಸದಲ್ಲಿ ಪೆಟ್ಟಾದ್ರೆ ಮೆಡಿಕಲ್ ಬೋರ್ಡ್ ದಾರೀನೇ ಬೇರೆ, ಅದನ್ನ ಒಂಬುಡ್ಸ್‌ಮನ್ ಹತ್ರ ತಗೊಂಡೋಗಿ ದಿನ ಹಾಳು ಮಾಡ್ಕೋಬೇಡಿ.

ಮೇಷ್ಟ್ರ ಕೇಸು ಇನ್ನೂ ನಡೀತಿದೆ. ಕಂಪನಿ ಲಾಯರು ನಮ್ಮ ಪ್ರಶ್ನಾವಳಿಗೆ ಉತ್ತರ ಕೊಡಕ್ಕೆ ಮತ್ತೆ ಟೈಮ್ ಕೇಳಿದಾರೆ, ಆ ಕ್ಲಿನಿಕ್ ಚೀಟೀಲಿರೋ ಹೆಸರಿನ ಮುಂದೆ ವಯಸ್ಸು 61 ಅಂತಿದೆ, ಮೇಷ್ಟ್ರಿಗೆ 43. ಬಹುಶಃ ಅವ್ರಪ್ಪನ ಚೀಟಿ. ಅದನ್ನ ನಾವು ಗಮನಿಸಿದ್ದೇ ಕೇಸ್ ಹಾಕಿ ಕಂಪನಿ ಕಾಗದ ಹಾಜರು ಮಾಡಿದ್ಮೇಲೆ. ಮುಂದಿನ ವಾಯಿದೆಗೂ ಜೊತೆಗೆ ಹೋಗ್ತೀನಿ, ಅಲ್ಲಿನ ಬೆಂಚಿಗೆ ಒರಗಕ್ಕೆ ಸರಿಯಾಗಿ ಬೆನ್ನಿಲ್ಲ, ಅವ್ರ ದಿಂಬು ನಾನೇ ಹಿಡ್ಕೊಂಡು ಹೋಗ್ಬೇಕು.